ಕಂಪ್ಯೂಟರ್ ನೆರವಿನ ವಿನ್ಯಾಸದ ಆರಂಭದ ದಶಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಜಿನಿಯರಿಂಗ್ ಓದುವವರು, ಐಟಿಐಯಲ್ಲಿ ಡ್ರಾಫ್ಟ್ಸ್‌ಮನ್ ತರಬೇತಿ ಪಡೆಯುವವರು, ಕಾರ್ಖಾನೆಗಳ ಡಿಸೈನ್ ವಿಭಾಗದಲ್ಲಿ ದುಡಿಯುವವರು ಕ್ಯಾಡ್ (ಕಂಪ್ಯೂಟರ್ ಏಯ್ಡೆಡ್ ಡಿಸೈನ್, ಅಂದರೆ ಕಂಪ್ಯೂಟರ್ ನೆರವಿನ ವಿನ್ಯಾಸ) ತಂತ್ರಾಂಶವನ್ನು ದಿನವೂ ಬಳಸುತ್ತಾರೆ. ಅದರ ಹಿಂದಿನ ಕಥೆ ಮಾತ್ರ ಪಠ್ಯಪುಸ್ತಕಗಳಲ್ಲಿ ಒಂದೆರಡು ಹೆಸರುಗಳಿಗೆ ಮುಗಿದುಹೋಗುತ್ತದೆ. 1940ರ ದಶಕದ ಕೊನೆಯಿಂದ 1988ರವರೆಗಿನ ಅವಧಿಯ ಬಗ್ಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ.

ಕಂಪ್ಯೂಟರ್ ಬರುವ ಮೊದಲು ವಿಮಾನ, ಹಡಗು, ಕಾರುಗಳ ಆಕಾರವನ್ನು ಹೇಗೆ ನಿರ್ಧರಿಸುತ್ತಿದ್ದರು?

ಸರಳರೇಖೆ ಮತ್ತು ವೃತ್ತಗಳಿಂದಾದ ಭಾಗಗಳಿಗೆ ಡ್ರಾಯಿಂಗ್ ಬೋರ್ಡ್, ಟೀ-ಸ್ಕ್ವೇರ್, ಸೆಟ್-ಸ್ಕ್ವೇರ್, ಕಂಪಾಸು ಸಾಕಾಗುತ್ತಿದ್ದವು. ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮಿನಿ ಡ್ರಾಫ್ಟರನ್ನು ಹೆಗಲಿಗೇರಿಸಿಕೊಂಡು ಬಸ್ಸು ಹತ್ತುತ್ತಿದ್ದುದನ್ನು ಕಂಡವರಿಗೆ ಈ ಲೋಕದ ಪರಿಚಯವಿದ್ದೇ ಇರುತ್ತದೆ. ಕಷ್ಟವಿದ್ದದ್ದು ಹಡಗಿನ ಒಡಲು, ವಿಮಾನದ ರೆಕ್ಕೆ, ಕಾರಿನ ಬಾನೆಟ್ಟುಗಳಂತಹ ಬಾಗಿದ ಮೇಲ್ಮೈಗಳಲ್ಲಿ. ಅವನ್ನು ‘ಲಾಫ್ಟ್’ ಎಂದು ಕರೆಯುವ ವಿಶಾಲ ಕೋಣೆಯ ನೆಲದ ಮೇಲೆ ನಿಜ ಗಾತ್ರದಲ್ಲಿಯೇ ಬರೆಯಬೇಕಾಗುತ್ತಿತ್ತು. ಬಾಗುವ ತೆಳುವಾದ ಮರದ ಪಟ್ಟಿಯೊಂದನ್ನು ಬೇಕಾದ ಬಿಂದುಗಳ ಮೂಲಕ ಹಾಯಿಸಿ, ಅದು ಕದಲದಂತೆ ಅಲ್ಲಲ್ಲಿ ಸೀಸದ ತೂಕಗಳನ್ನು ಇಟ್ಟು, ಪಟ್ಟಿ ತಾನಾಗಿ ತಳೆದ ಬಾಗನ್ನು ಗುರುತು ಮಾಡಿಕೊಳ್ಳುತ್ತಿದ್ದರು. ಆ ಪಟ್ಟಿಯ ಹೆಸರೇ ಸ್ಪ್ಲೈನ್. ಇಂದು ತಂತ್ರಾಂಶದ ಮೆನುವಿನಲ್ಲಿ ಕಾಣುವ ಪದ ಅಲ್ಲಿಂದ ಬಂದದ್ದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾರ್ತ್ ಅಮೆರಿಕನ್ ಏವಿಯೇಷನ್ ಕಂಪನಿಯ ರಾಯ್ ಲೈಮಿಂಗ್ ಅವರು ಪಿ-51 ಮಸ್ಟಾಂಗ್ ಯುದ್ಧವಿಮಾನದ ಹೊರಮೈಯನ್ನು ಶಂಕುವಿನ ಛೇದಗಳ ಸಮೀಕರಣಗಳಲ್ಲಿ ಹಿಡಿದಿಟ್ಟರು. ಹಾಗೆ ಮಾಡಿದ ಮೇಲೆ ನಕ್ಷೆಯ ಮೇಲೆ ಅಳತೆಗೋಲು ಇಟ್ಟು ನೋಡುವ ಅಗತ್ಯ ಉಳಿಯಲಿಲ್ಲ. ಯಾವ ಜಾಗದಲ್ಲಿ ವಿಮಾನದ ಒಡಲು ಎಷ್ಟು ಅಗಲವಿರಬೇಕೆಂಬುದನ್ನು ಲೆಕ್ಕ ಹಾಕಿಯೇ ಹೇಳಬಹುದಾಗಿತ್ತು. ಆಕಾರವನ್ನು ಸಂಖ್ಯೆಗಳಾಗಿ ಬರೆದಿಡಬಹುದು ಎಂಬ ಈ ತಿಳಿವಳಿಕೆ ಕಂಪ್ಯೂಟರಿಗಿಂತ ಮೊದಲೇ ಕಾರ್ಖಾನೆಗೆ ಬಂದಿತ್ತು.

ಹಾಗಾದರೆ ಕ್ಯಾಡ್ ಹುಟ್ಟಿದ್ದು ಡ್ರಾಯಿಂಗ್ ಬೋರ್ಡಿನಿಂದ ಎನ್ನಬಹುದೇ?

ಬಹಳ ಜನ ಹಾಗೆ ತಿಳಿದಿದ್ದಾರೆ. ಆದರೆ ಅದರ ತವರು ಯಂತ್ರಶಾಲೆ. ಮಿಷಿಗನ್ ರಾಜ್ಯದ ಟ್ರಾವರ್ಸ್ ಸಿಟಿಯಲ್ಲಿ ಜಾನ್ ಪಾರ್ಸನ್ಸ್ ಅವರ ಕಂಪನಿ ಹೆಲಿಕಾಪ್ಟರಿನ ರೆಕ್ಕೆಯಲಗುಗಳನ್ನು ತಯಾರಿಸುತ್ತಿತ್ತು. ಅಲಗಿನ ಅಡ್ಡಛೇದಕ್ಕೆ ಗಿರಾಕಿಯಿಂದ ಬರುತ್ತಿದ್ದದ್ದು ಕೆಲವೇ ಬಿಂದುಗಳ ಅಳತೆ. ನಡುವಿನ ಬಾಗನ್ನು ಕೈಯಿಂದ ತುಂಬಿಕೊಳ್ಳಬೇಕಿತ್ತು. ಪಾರ್ಸನ್ಸ್ ಮತ್ತು ಅವರ ಎಂಜಿನಿಯರ್ ಫ್ರಾಂಕ್ ಸ್ಟೂಲನ್ ಅವರು ಐಬಿಎಂನ ಪಂಚ್ ಕಾರ್ಡ್ ಲೆಕ್ಕಯಂತ್ರಗಳಿಂದ ನಡುವಿನ ಬಿಂದುಗಳನ್ನು ದಟ್ಟವಾಗಿ ಲೆಕ್ಕ ಹಾಕಿಸಿ, ಆ ಅಂಕಿಗಳನ್ನು ಓದುತ್ತ, ಲೋಹ ಕೊರೆಯುವ ಮಿಲ್ಲಿಂಗ್ ಯಂತ್ರವನ್ನು ಸರಿಸುತ್ತ ಹೋದರೆ ಅಚ್ಚನ್ನು ಕರಾರುವಾಕ್ಕಾಗಿ ಕೊರೆಯಬಹುದೆಂದು ಕಂಡುಕೊಂಡರು. ಅಂಕಿ ಓದಿ ಹಿಡಿ ತಿರುಗಿಸುವ ಕೆಲಸವನ್ನು ಮನುಷ್ಯನೇ ಏಕೆ ಮಾಡಬೇಕು ಎಂಬುದು ಮುಂದಿನ ಪ್ರಶ್ನೆ. 1949ರಲ್ಲಿ ಅಮೆರಿಕದ ವಾಯುಪಡೆಯ ಗುತ್ತಿಗೆ ಸಿಕ್ಕಿತು. ಎಂಐಟಿಯ (ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಸರ್ವೋಮೆಕ್ಯಾನಿಸಮ್ಸ್ ಪ್ರಯೋಗಾಲಯ 1952ರಲ್ಲಿ, ರಂಧ್ರ ಕೊರೆದ ಕಾಗದದ ಪಟ್ಟಿಯಿಂದ ಆಜ್ಞೆ ಪಡೆದು ಮೂರು ದಿಕ್ಕಿಗೂ ಚಲಿಸುವ ಮಿಲ್ಲಿಂಗ್ ಯಂತ್ರವನ್ನು ಜನರ ಮುಂದೆ ನಡೆಸಿ ತೋರಿಸಿತು.

ಯಂತ್ರ ಸಿದ್ಧವಾಯಿತು, ಆದರೆ ಅದಕ್ಕೆ ಬೇಕಾದ ಕಾಗದಪಟ್ಟಿಯನ್ನು ಸಿದ್ಧಪಡಿಸುವುದು ಯಂತ್ರ ನಡೆಸುವುದಕ್ಕಿಂತ ದೊಡ್ಡ ಶ್ರಮವಾಗಿತ್ತು. ಸಾವಿರಾರು ನಿರ್ದೇಶಾಂಕಗಳನ್ನು ಕೈಯಲ್ಲಿ ಲೆಕ್ಕ ಹಾಕಿ ರಂಧ್ರವಾಗಿ ಕೊರೆಯಬೇಕಿತ್ತು. ಆ ಹೊರೆ ಇಳಿಸಲು ಡಗ್ಲಾಸ್ ರಾಸ್ ಅವರ ತಂಡ 1956ರಿಂದ ಎಪಿಟಿ ಎಂಬ ಭಾಷೆಯನ್ನು ಕಟ್ಟಿತು. ‘ಈ ಬಿಂದುವಿನಿಂದ ಹೊರಡು, ಆ ವೃತ್ತದ ಎಡಗಡೆ ಹಾದು ಹೋಗು’ ಎನ್ನುವಂತಹ ಮಾತುಗಳಲ್ಲಿ ಭಾಗದ ಆಕಾರವನ್ನು ಬರೆದುಕೊಟ್ಟರೆ ಉಪಕರಣದ ದಾರಿಯನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತಿತ್ತು. 1959ರ ಫೆಬ್ರವರಿಯಲ್ಲಿ ಪತ್ರಕರ್ತರನ್ನು ಕರೆದು ಇದನ್ನು ಪ್ರದರ್ಶಿಸಿದಾಗ, ಹೀಗೆ ಕೊರೆದ ಅಲ್ಯೂಮಿನಿಯಂ ಬೂದಿತಟ್ಟೆಗಳನ್ನು ಬಂದವರಿಗೆ ಉಡುಗೊರೆಯಾಗಿ ಕೊಟ್ಟರು. ಎರಡು ವರ್ಷ ಮೊದಲೇ, 1957ರಲ್ಲಿ, ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ಪ್ಯಾಟ್ರಿಕ್ ಹ್ಯಾನ್‌ರಾಟಿ ಅವರು ಪ್ರಾಂಟೋ ಎಂಬ ಇಂಥದ್ದೇ ಭಾಷೆಯನ್ನು ರಚಿಸಿದ್ದರು.

‘ಕಂಪ್ಯೂಟರ್ ಏಯ್ಡೆಡ್ ಡಿಸೈನ್’ ಎಂಬ ಹೆಸರು ಯಾರದು?

ಮೇಲೆ ಹೇಳಿದ ಡಗ್ಲಾಸ್ ರಾಸ್ ಅವರದೇ, 1959ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ವಾಯುಪಡೆಯ ಹಣದಿಂದ ಎಂಐಟಿಯಲ್ಲಿ ಆ ಹೆಸರಿನ ಯೋಜನೆ ಆರಂಭವಾಯಿತು. ಮೆಕ್ಯಾನಿಕಲ್ ವಿಭಾಗದ ಸ್ಟೀವನ್ ಕೂನ್ಸ್ ಅವರು ಅದರ ಇನ್ನೊಂದು ಕಂಬ. ಹೆಸರಿನಲ್ಲಿರುವ ‘ನೆರವು’ ಎಂಬ ಪದವನ್ನು ಲಘುವಾಗಿ ಓದಬಾರದು. ಯಂತ್ರವೇ ವಿನ್ಯಾಸ ಮಾಡುತ್ತದೆ ಎಂದು ಅವರು ಹೇಳಲಿಲ್ಲ. ಎಂಜಿನಿಯರ್ ಮತ್ತು ಯಂತ್ರ ಎದುರುಬದುರು ಕುಳಿತು ಮಾತಾಡುವಂತೆ ಕೆಲಸ ಮಾಡಬೇಕೆಂಬುದು ಅವರ ಕಲ್ಪನೆಯಾಗಿತ್ತು. ಅಂದಿನ ರೂಢಿಯಲ್ಲಿ ಪಂಚ್ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಉತ್ತರಕ್ಕಾಗಿ ಕಾಯಬೇಕಿತ್ತು ಎಂಬುದನ್ನು ನೆನೆದರೆ ಈ ಕಲ್ಪನೆ ಎಷ್ಟು ಮುಂದಿನದೆಂದು ತಿಳಿಯುತ್ತದೆ.

ಪರದೆಯ ಮೇಲೆ ಬರೆಯುವ ಯೋಚನೆ ಎಲ್ಲಿಂದ ಬಂತು?

ಅದೂ ಸೇನೆಯ ಹಣದಿಂದಲೇ. ಎಂಐಟಿಯಲ್ಲಿ ಜೇ ಫಾರೆಸ್ಟರ್ ಅವರ ನೇತೃತ್ವದಲ್ಲಿ ಕಟ್ಟಿದ ವರ್ಲ್‌ವಿಂಡ್ ಕಂಪ್ಯೂಟರ್ 1951ರಲ್ಲಿ ಕೆಲಸಕ್ಕೆ ನಿಂತಿತು. ರೇಡಾರಿನಿಂದ ಬರುವ ಮಾಹಿತಿಯನ್ನು ಅದು ಪರದೆಯ ಮೇಲೆ ಚುಕ್ಕೆಗಳಾಗಿ ತೋರಿಸುತ್ತಿತ್ತು. ಅದರಿಂದ ಬೆಳೆದ ಸೇಜ್ ಎಂಬ ವಾಯುರಕ್ಷಣಾ ವ್ಯವಸ್ಥೆಯಲ್ಲಿ ಸೈನಿಕರು ಪಿಸ್ತೂಲಿನಾಕಾರದ ‘ಲೈಟ್ ಗನ್’ ಹಿಡಿದು, ಅನುಮಾನ ಬಂದ ಚುಕ್ಕೆಗೆ ಗುರಿಯಿಟ್ಟು ಕುದುರೆ ಒತ್ತಿದರೆ ಕಂಪ್ಯೂಟರ್ ಆ ವಿಮಾನದ ವಿವರ ಕೊಡುತ್ತಿತ್ತು. ಆ ಪಿಸ್ತೂಲು ಸಣ್ಣದಾಗಿ ಪೆನ್ನಾಯಿತು.

ಲೈಟ್ ಪೆನ್ ಹೇಗೆ ಕೆಲಸ ಮಾಡುತ್ತಿತ್ತು?

ಹೆಸರು ಕೇಳಿ ಪೆನ್ನಿನಿಂದ ಬೆಳಕು ಬರುತ್ತಿತ್ತೆಂದು ತಿಳಿಯುವವರೇ ಹೆಚ್ಚು. ಪೆನ್ನು ಬೆಳಕನ್ನು ಬೀರುತ್ತಿರಲಿಲ್ಲ, ಗ್ರಹಿಸುತ್ತಿತ್ತು. ಕಂಪ್ಯೂಟರ್ ಪರದೆಯ ಮೇಲಿನ ಚಿತ್ರವನ್ನು ಒಂದೇ ಏಟಿಗೆ ಬರೆಯದೆ ಚುಕ್ಕೆಯ ನಂತರ ಚುಕ್ಕೆಯಾಗಿ ಮಿನುಗಿಸುತ್ತ ಹೋಗುತ್ತದೆ. ಪೆನ್ನಿನ ತುದಿಗೆ ಒಂದು ಮಿನುಗು ಕಂಡ ಕೂಡಲೇ ಅದು ಕಂಪ್ಯೂಟರಿಗೆ ಸೂಚನೆ ಕಳಿಸುತ್ತದೆ. ಕತ್ತಲ ಬೀದಿಯಲ್ಲಿ ಒಂದೊಂದೇ ಮನೆಯ ದೀಪ ಹಚ್ಚಿ ಆರಿಸುತ್ತ ಹೋಗುವವನಿಗೆ ದೂರದಿಂದ ಯಾರೋ ‘ಈಗ ಕಂಡಿತು’ ಎಂದು ಕೂಗಿದರೆ, ಕೂಗಿದವನು ಯಾವ ಮನೆಯನ್ನು ನೋಡುತ್ತಿದ್ದಾನೆಂದು ತಿಳಿಯುವುದಿಲ್ಲವೇ? ಹಾಗೆಯೇ, ಆ ಗಳಿಗೆಯಲ್ಲಿ ತಾನು ಯಾವ ಗೆರೆಯ ಚುಕ್ಕೆಯನ್ನು ಹಚ್ಚಿದ್ದೆನೆಂಬುದು ಕಂಪ್ಯೂಟರಿಗೆ ಗೊತ್ತಿರುವುದರಿಂದ ಪೆನ್ನು ಯಾವ ಗೆರೆಯ ಮೇಲಿದೆಯೆಂದು ಅದಕ್ಕೆ ತಿಳಿಯುತ್ತಿತ್ತು.

ಖಾಲಿ ಜಾಗದಲ್ಲಿ ಹೊಸ ಗೆರೆ ಎಳೆಯುವುದು ಇನ್ನೊಂದು ಸಮಸ್ಯೆ, ಏಕೆಂದರೆ ಅಲ್ಲಿ ಕಾಣಲು ಬೆಳಕೇ ಇಲ್ಲ. ಅದಕ್ಕಾಗಿ ಕಂಪ್ಯೂಟರ್ ಪೆನ್ನಿನ ಕೆಳಗೆ ಒಂದು ಸಣ್ಣ ಕೂಡುಗುರುತನ್ನು ಬರೆದು, ಅದರ ಯಾವ ತೋಳಿನ ಚುಕ್ಕೆಗಳು ಪೆನ್ನಿಗೆ ಕಂಡವೆಂದು ನೋಡಿ, ಗುರುತನ್ನು ಮತ್ತೆ ಪೆನ್ನಿನ ನಡುವಿಗೆ ತಂದು ನಿಲ್ಲಿಸುತ್ತಿತ್ತು. ಕೈ ಸರಿದಂತೆ ಗುರುತು ಹಿಂಬಾಲಿಸುತ್ತಿತ್ತು. ಕೈಯನ್ನು ಥಟ್ಟನೆ ಸೆಳೆದರೆ ಜಾಡು ತಪ್ಪಿಹೋಗುತ್ತಿತ್ತು. ಈ ದೋಷವನ್ನೇ ಸ್ಕೆಚ್‌ಪ್ಯಾಡ್ ‘ಗೆರೆ ಮುಗಿಯಿತು’ ಎಂಬ ಸನ್ನೆಯಾಗಿ ಬಳಸಿಕೊಂಡಿತು.

ಸ್ಕೆಚ್‌ಪ್ಯಾಡ್ ಎಂದರೇನು? ಅದಕ್ಕೆ ಇಷ್ಟು ಮಹತ್ವ ಏಕೆ?

ಎಂಐಟಿಯ ವಿದ್ಯಾರ್ಥಿ ಐವನ್ ಸದರ್‌ಲ್ಯಾಂಡ್ ಅವರು ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶ್ಯಾನನ್ ಅವರ ಮಾರ್ಗದರ್ಶನದಲ್ಲಿ 1963ರ ಜನವರಿಯಲ್ಲಿ ಸಲ್ಲಿಸಿದ ಪಿಎಚ್‌ಡಿ ಪ್ರಬಂಧಕ್ಕಾಗಿ ಬರೆದ ಪ್ರೋಗ್ರಾಮಿನ ಹೆಸರು ಸ್ಕೆಚ್‌ಪ್ಯಾಡ್. ಅದು ಓಡುತ್ತಿದ್ದದ್ದು ಲಿಂಕನ್ ಪ್ರಯೋಗಾಲಯದ ಟಿಎಕ್ಸ್-2 ಎಂಬ ಯಂತ್ರದಲ್ಲಿ. ಒಂದು ಕೋಣೆಯನ್ನೇ ತುಂಬುತ್ತಿದ್ದ ಆ ಯಂತ್ರದ ಮುಖ್ಯ ನೆನಪಿನ ಕೋಶ ಇಂದಿನ ಲೆಕ್ಕದಲ್ಲಿ ಸುಮಾರು 300 ಕಿಲೋಬೈಟ್, ಚಿತ್ರ ಮೂಡುತ್ತಿದ್ದ ಪರದೆಯ ಜಾಗ ಏಳು ಅಂಗುಲ ಚೌಕ. ಸದರ್‌ಲ್ಯಾಂಡರು ಬಲಗೈಯಲ್ಲಿ ಲೈಟ್ ಪೆನ್ ಹಿಡಿದು, ಎಡಗೈಯಿಂದ ಗುಂಡಿಗಳನ್ನು ಒತ್ತುತ್ತ, ಹಿಡಿಗಳನ್ನು ತಿರುವಿ ಚಿತ್ರವನ್ನು ಹಿಗ್ಗಿಸುತ್ತ ಕೆಲಸ ಮಾಡುತ್ತಿದ್ದರು. ಒಂದೇ ಕಂಪ್ಯೂಟರನ್ನು ಒಬ್ಬನೇ ಮನುಷ್ಯ ತನ್ನ ಪಾಡಿಗೆ ತಾನು ಗಂಟೆಗಟ್ಟಲೆ ಬಳಸುವುದು ಆ ಕಾಲಕ್ಕೆ ಅರಸೊತ್ತಿಗೆಯ ಭೋಗ.

ಆದರೆ ಸ್ಕೆಚ್‌ಪ್ಯಾಡಿನ ಹಿರಿಮೆ ಪರದೆಯ ಮೇಲೆ ಗೆರೆ ಮೂಡಿಸಿದ್ದರಲ್ಲಿಲ್ಲ. ಗೆರೆಗಳ ನಡುವಿನ ಸಂಬಂಧವನ್ನು ನೆನಪಿಟ್ಟುಕೊಂಡದ್ದರಲ್ಲಿದೆ. ಒಂದು ಷಡ್ಭುಜ ಬೇಕೆಂದುಕೊಳ್ಳಿ. ಮೊದಲು ಕೈಗೆ ಬಂದಂತೆ ಸೊಟ್ಟಸೊಟ್ಟಗೆ ಆರು ಬದಿಗಳ ಆಕೃತಿಯೊಂದನ್ನು ಎಳೆಯಬಹುದು. ಆಮೇಲೆ ಅದರ ಮೂಲೆಗಳನ್ನು ಒಂದು ವೃತ್ತದ ಮೇಲೆ ಕೂರಿಸಿ, ‘ಆರೂ ಬದಿಗಳು ಸಮವಾಗಿರಬೇಕು’ ಎಂದು ಹೇಳಿದರೆ ಆಕೃತಿ ಕಣ್ಣೆದುರೇ ನೆಟ್ಟಗಾಗಿ ಒಪ್ಪವಾದ ಷಡ್ಭುಜವಾಗುತ್ತಿತ್ತು. ಎರಡು ಗೆರೆ ಸಮಾನಾಂತರವಾಗಿರಲಿ, ಇವೆರಡು ಲಂಬವಾಗಿರಲಿ, ಈ ಬಿಂದು ಆ ಗೆರೆಯ ಮೇಲೇ ಇರಲಿ ಎಂಬ ಕಟ್ಟುಪಾಡುಗಳನ್ನು ಬಳಕೆದಾರ ಹೇಳಿದರೆ, ಎಲ್ಲವನ್ನೂ ಪೂರೈಸುವ ಸ್ಥಿತಿಯನ್ನು ಹುಡುಕುವುದು ಯಂತ್ರದ ಕೆಲಸ.

ಇನ್ನೊಂದು ಸಂಗತಿ, ಮೂಲಚಿತ್ರ ಮತ್ತು ಅದರ ಪ್ರತಿಗಳ ಸಂಬಂಧ. ಒಂದು ಭಾಗವನ್ನು ಒಮ್ಮೆ ಬರೆದು ಎಷ್ಟು ಕಡೆಯಾದರೂ ಬಳಸಬಹುದಿತ್ತು. ಮೂಲವನ್ನು ತಿದ್ದಿದರೆ ಎಲ್ಲ ಪ್ರತಿಗಳೂ ತಾವಾಗಿ ಬದಲಾಗುತ್ತಿದ್ದವು. ಸೇತುವೆಯ ಟ್ರಸ್ (ತೊಲೆಗಳ ಚೌಕಟ್ಟು) ಒಂದನ್ನು ಬರೆದು ಅದರ ಮೇಲೆ ಭಾರ ಹೊರಿಸಿದರೆ ಯಾವ ತೊಲೆಯ ಮೇಲೆ ಎಷ್ಟು ಬಲ ಬೀಳುತ್ತದೆಂಬ ಅಂಕಿ ಪರದೆಯ ಮೇಲೆ ಮೂಡುತ್ತಿತ್ತು. ಬರಿಯ ಚಿತ್ರಕ್ಕಿಂತ ಹೆಚ್ಚಿನದೇನಾದರೂ ದಕ್ಕುವುದಾದರೆ ಮಾತ್ರ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದು ಸಾರ್ಥಕ ಎಂಬ ಅರ್ಥದ ಮಾತು ಆ ಪ್ರಬಂಧದಲ್ಲಿಯೇ ಇದೆ. ಮುಂದಿನ ಇಪ್ಪತ್ತೈದು ವರ್ಷಗಳ ಉದ್ಯಮ ಆ ಮಾತನ್ನು ಎಷ್ಟರಮಟ್ಟಿಗೆ ಮರೆತಿತೆಂಬುದು ಕೆಳಗಿನ ಉತ್ತರಗಳಲ್ಲಿ ಕಾಣುತ್ತದೆ.

ಸ್ಕೆಚ್‌ಪ್ಯಾಡ್ ಎರಡು ಆಯಾಮಗಳಿಗೆ ಸೀಮಿತವಾಗಿತ್ತು. ಅದೇ 1963ರಲ್ಲಿ ಟಿಮೊಥಿ ಜಾನ್ಸನ್ ಅವರು ಸ್ಕೆಚ್‌ಪ್ಯಾಡ್-3 ಎಂಬ ಹೆಸರಿನಲ್ಲಿ ಅದನ್ನು ಮೂರು ಆಯಾಮಗಳಿಗೆ ಒಯ್ದರು: ಪರದೆಯನ್ನು ನಾಲ್ಕು ಭಾಗ ಮಾಡಿ, ಮೂರರಲ್ಲಿ ಮೇಲ್ನೋಟ, ಮುನ್ನೋಟ, ಪಕ್ಕನೋಟ, ನಾಲ್ಕನೆಯದರಲ್ಲಿ ದೃಷ್ಟಿರೂಪ. ಇಂದಿನ ತಂತ್ರಾಂಶಗಳೂ ಈ ನಾಲ್ಕು ಕಿಟಕಿಗಳ ಜೋಡಣೆಯನ್ನು ಬಿಟ್ಟಿಲ್ಲ.

ಕಾರ್ಖಾನೆಯಲ್ಲಿ ಮೊದಲು ಬಳಕೆಗೆ ಬಂದದ್ದು ಸ್ಕೆಚ್‌ಪ್ಯಾಡ್ ತಾನೇ?

ಅಲ್ಲ. ಅದು ಟಿಎಕ್ಸ್-2 ಯಂತ್ರದ ಆಚೆ ಹೋಗಲಿಲ್ಲ. ಅದೇ ಕಾಲದಲ್ಲಿ, ಅದಕ್ಕೆ ಸಂಬಂಧವಿಲ್ಲದೆ, ಜನರಲ್ ಮೋಟಾರ್ಸ್ ಕಂಪನಿ ಐಬಿಎಂ ಜೊತೆ ಸೇರಿ ಡಿಎಸಿ-1 ಎಂಬ ವ್ಯವಸ್ಥೆಯನ್ನು ಗುಟ್ಟಾಗಿ ಕಟ್ಟುತ್ತಿತ್ತು. 1963ರಲ್ಲಿ ಯಂತ್ರ ಕಂಪನಿಯ ಕೈಸೇರಿತು, 1964ರಲ್ಲಿ ಲೋಕಕ್ಕೆ ತಿಳಿಯಿತು. ಅದರ ಉದ್ದೇಶವೇ ಬೇರೆ. ಕಾರಿನ ಹೊರಮೈ ವಿನ್ಯಾಸಕಾರರ ಕಾಗದದ ಮೇಲೆ ಮೊದಲೇ ಇರುತ್ತಿತ್ತು. ಆ ನಕ್ಷೆಯನ್ನು ಸ್ಕ್ಯಾನ್ ಮಾಡಿ, ಗೆರೆಗಳನ್ನು ಗಣಿತವಾಗಿ ಬದಲಿಸಿ, ಮೇಲ್ಮೈಯನ್ನು ತಿದ್ದಿ, ಕೊನೆಗೆ ಅಚ್ಚು ಕೊರೆಯುವ ಯಂತ್ರಕ್ಕೆ ಕಾಗದಪಟ್ಟಿ ಕೊಡುವುದು ಅದರ ಗುರಿ. ಬಿಡಿಸುವ ಆನಂದಕ್ಕಿಂತ ಅಚ್ಚು ಬೇಗ ಸಿದ್ಧವಾಗುವುದು ಕಂಪನಿಗೆ ಮುಖ್ಯವಾಗಿತ್ತು.

ಮಾರಾಟಕ್ಕೆಂದೇ ತಯಾರಾದವುಗಳಲ್ಲಿ ಮೊದಲಿನದು ಐಟೆಕ್ ಕಂಪನಿಯ ಎಲೆಕ್ಟ್ರಾನಿಕ್ ಡ್ರಾಫ್ಟಿಂಗ್ ಮಷೀನ್. 1962ರಲ್ಲಿ ಪಿಡಿಪಿ-1 ಕಂಪ್ಯೂಟರಿನ ಮೇಲೆ ಕಟ್ಟಿದ ಇದನ್ನು ನಂತರ ಕಂಟ್ರೋಲ್ ಡೇಟಾ ಕಂಪನಿ ಕೊಂಡು ಡಿಜಿಗ್ರಾಫಿಕ್ಸ್ ಎಂಬ ಹೆಸರಿನಲ್ಲಿ ಮಾರಿತು. ಬೆಲೆ ಸುಮಾರು ಐದು ಲಕ್ಷ ಡಾಲರ್. ಕೊಂಡವರು ಬೆರಳೆಣಿಕೆಯಷ್ಟು.

‘ಕ್ಯಾಡ್‌ನ ಪಿತಾಮಹ’ ಯಾರು? ಸದರ್‌ಲ್ಯಾಂಡರೋ, ಹ್ಯಾನ್‌ರಾಟಿಯವರೋ?

ಇಬ್ಬರಿಗೂ ಆ ಬಿರುದನ್ನು ಕೊಡುವವರಿದ್ದಾರೆ, ಮತ್ತು ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಬಿಟ್ಟರೆ ಬೇರೆಲ್ಲಿಯೂ ಈ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಬೇಕಾಗುವುದಿಲ್ಲ. ಸದರ್‌ಲ್ಯಾಂಡರು ಏನು ಸಾಧ್ಯವೆಂದು ತೋರಿಸಿದರು. ಹ್ಯಾನ್‌ರಾಟಿಯವರು ಕೈಗೆಟುಕುವ ಸರಕನ್ನು ತಯಾರಿಸಿದರು. ಅವರು 1971ರಲ್ಲಿ ಎಂಸಿಎಸ್ ಕಂಪನಿ ಸ್ಥಾಪಿಸಿ, ಆ್ಯಡಮ್ ಎಂಬ ವಿನ್ಯಾಸ ಮತ್ತು ನಕ್ಷೆ ತಂತ್ರಾಂಶವನ್ನು ಫೋರ್ಟ್ರಾನ್ ಭಾಷೆಯಲ್ಲಿ, ಯಾವ ಕಂಪ್ಯೂಟರಿಗಾದರೂ ಒಗ್ಗುವಂತೆ ಬರೆದರು. ಅದರ ಮೂಲ ಸಂಕೇತವನ್ನೇ ಬೇರೆ ಕಂಪನಿಗಳಿಗೆ ಮಾರಿದರು. ಹೀಗೆ ಕೊಂಡವರಲ್ಲಿ ಯುನೈಟೆಡ್ ಕಂಪ್ಯೂಟಿಂಗ್ ಒಂದು. ಅದು ಬೆಳೆಸಿದ ಯೂನಿಗ್ರಾಫಿಕ್ಸ್ ಇಂದು ಸೀಮೆನ್ಸ್ ಎನ್‌ಎಕ್ಸ್ ಆಗಿದೆ. ಬೆಂಗಳೂರು, ಪುಣೆಗಳ ವಾಹನ ವಿನ್ಯಾಸ ಕಚೇರಿಗಳಲ್ಲಿ ಆ ತಂತ್ರಾಂಶವನ್ನು ತೆರೆಯುವವರು ದೂರದ ಸಂಬಂಧದಲ್ಲಿ ಹ್ಯಾನ್‌ರಾಟಿಯವರ ವಂಶವೃಕ್ಷದಲ್ಲಿಯೇ ಕುಳಿತಿದ್ದಾರೆ.

ಬೆಜಿಯೆ ವಕ್ರರೇಖೆಯನ್ನು ಕಂಡುಹಿಡಿದವರು ಬೆಜಿಯೆ ಅವರೇ ತಾನೆ?

ಹೆಸರು ಅವರದು, ಆದರೆ ಮೊದಲಿಗರು ಇನ್ನೊಬ್ಬರು. ಫ್ರಾನ್ಸಿನ ಸಿಟ್ರೊಯೆನ್ ಕಾರು ಕಂಪನಿಗೆ 1958ರಲ್ಲಿ ಸೇರಿದ ಗಣಿತಜ್ಞ ಪಾಲ್ ದ ಕಾಸ್ತಲ್ಜೋ ಅವರು ಮರುವರ್ಷವೇ ಈ ವಕ್ರರೇಖೆಗಳನ್ನು ಲೆಕ್ಕ ಹಾಕುವ ಬಹು ಸರಳವಾದ ವಿಧಾನವನ್ನು ಕಂಡುಕೊಂಡರು. ಕಂಪನಿ ಅದನ್ನು ವ್ಯಾಪಾರದ ಗುಟ್ಟೆಂದು ಬೀಗ ಹಾಕಿ ಇಟ್ಟಿತು. ರೆನೋ ಕಂಪನಿಯಲ್ಲಿ ಆಗಲೇ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ದುಡಿದಿದ್ದ ಪಿಯರ್ ಬೆಜಿಯೆ ಅವರು 1960ರಲ್ಲಿ ಯೂನಿಸರ್ಫ್ ಎಂಬ ವ್ಯವಸ್ಥೆಯ ಕೆಲಸ ಆರಂಭಿಸಿ, ಬೇರೆ ದಾರಿಯಿಂದ ಅದೇ ವಕ್ರರೇಖೆಯನ್ನು ತಲುಪಿದರು. ರೆನೋ ಅವರಿಗೆ ಲೇಖನ ಪ್ರಕಟಿಸಲು ಬಿಟ್ಟಿತು. ಲೋಕ ಪ್ರಕಟವಾದ ಹೆಸರನ್ನೇ ಹಿಡಿದುಕೊಂಡಿತು. ಕಾಸ್ತಲ್ಜೋ ಅವರ ಹೆಸರು ಈಗ ಲೆಕ್ಕ ಹಾಕುವ ವಿಧಾನಕ್ಕೆ ಅಂಟಿಕೊಂಡು ಉಳಿದಿದೆ.

ಈ ರೇಖೆಯ ಸೊಗಸು ಅದನ್ನು ಹಿಡಿದಾಡಿಸುವ ರೀತಿಯಲ್ಲಿದೆ. ನಾಲ್ಕು ಬಿಂದುಗಳನ್ನು ಇಡಿ. ರೇಖೆ ಮೊದಲ ಬಿಂದುವಿನಿಂದ ಹೊರಟು ಕೊನೆಯದಕ್ಕೆ ಸೇರುತ್ತದೆ. ನಡುವಿನ ಎರಡನ್ನು ಮುಟ್ಟುವುದಿಲ್ಲ, ಆದರೆ ಅವುಗಳ ಕಡೆಗೆ ಎಳೆಯಲ್ಪಟ್ಟಂತೆ ಬಾಗುತ್ತದೆ. ಹೊರಡುವಾಗ ಎರಡನೆಯ ಬಿಂದುವಿನ ದಿಕ್ಕಿಗೆ ಮುಖ ಮಾಡಿ ಹೊರಡುತ್ತದೆ, ಸೇರುವಾಗ ಮೂರನೆಯದರ ದಿಕ್ಕಿನಿಂದ ಬಂದು ಸೇರುತ್ತದೆ. ಸಮೀಕರಣದ ಗಂಧವಿಲ್ಲದ ಕಾರು ವಿನ್ಯಾಸಕಾರನೂ ಬಿಂದುವನ್ನು ಅತ್ತಿತ್ತ ಸರಿಸಿ ತನಗೆ ಬೇಕಾದ ಬಾಗನ್ನು ಪಡೆಯಬಹುದು. ಲಾಫ್ಟಿನ ನೆಲದ ಮೇಲೆ ಮರದ ಪಟ್ಟಿ ಮತ್ತು ಸೀಸದ ತೂಕಗಳು ಮಾಡುತ್ತಿದ್ದ ಕೆಲಸಕ್ಕೆ ಗಣಿತದಲ್ಲಿ ಸಿಕ್ಕ ಉತ್ತರ ಇದು. ಕನ್ನಡದ ಅಕ್ಷರಗಳ ದುಂಡುಗಳು ಇಂದು ನಮ್ಮ ಫೋನಿನ ಪರದೆಯ ಮೇಲೆ ನುಣುಪಾಗಿ ಕಾಣುವುದೂ ಇದೇ ವಕ್ರರೇಖೆಗಳಿಂದ, ಏಕೆಂದರೆ ಫಾಂಟುಗಳ ಹೊರಗೆರೆಯನ್ನು ಇವುಗಳಲ್ಲಿಯೇ ಬರೆಯುತ್ತಾರೆ.

ಅಮೆರಿಕದಲ್ಲಿ ಕೂನ್ಸ್ ಅವರು ನಾಲ್ಕು ಅಂಚುಗಳ ನಡುವೆ ಬಟ್ಟೆ ಹಾಸಿದಂತೆ ಮೇಲ್ಮೈಯನ್ನು ತುಂಬುವ ವಿಧಾನವನ್ನು ರೂಪಿಸಿದ್ದರು. 1967ರ ಅವರ ವರದಿ ಆ ಕ್ಷೇತ್ರದವರ ಕೈಪಿಡಿಯಾಯಿತು. ಮುಂದೆ ಅವರು ಸೈರಾಕ್ಯೂಸ್ ವಿಶ್ವವಿದ್ಯಾಲಯಕ್ಕೆ ಹೋದರು. ರಿಚರ್ಡ್ ರೀಸನ್‌ಫೆಲ್ಡ್ ಅವರ 1973ರ ಪ್ರಬಂಧವೂ ಕೆನ್ನೆತ್ ವರ್ಸ್‌ಪ್ರಿಲ್ ಅವರ 1975ರ ಪ್ರಬಂಧವೂ ಬಂದದ್ದು ಅಲ್ಲಿಂದಲೇ. ಬಾಗಿದ ರೇಖೆ ಮತ್ತು ಮೇಲ್ಮೈಗಳನ್ನು ಗಣಿತದಲ್ಲಿ ಬರೆಯಲು ನರ್ಬ್ಸ್ ಎಂಬ ಹೆಸರಿನಲ್ಲಿ ಈಗ ಎಲ್ಲೆಡೆ ಬಳಕೆಯಲ್ಲಿರುವ ರೂಪದ ಬೇರು ಈ ಎರಡನೆಯದರಲ್ಲಿದೆ.

1970ರ ದಶಕದಲ್ಲಿ ಕ್ಯಾಡ್ ಒಮ್ಮೆಲೇ ಹರಡಿದ್ದು ಹೇಗೆ?

ಎರಡು ವಸ್ತುಗಳು ಅಗ್ಗವಾದದ್ದರಿಂದ. ಒಂದು, ಕೋಣೆ ತುಂಬುವ ಯಂತ್ರಗಳಿಗಿಂತ ಚಿಕ್ಕದಾದ ಮಿನಿ ಕಂಪ್ಯೂಟರ್. ಇನ್ನೊಂದು ಟೆಕ್ಟ್ರಾನಿಕ್ಸ್ ಕಂಪನಿಯ ಸ್ಟೋರೇಜ್ ಟ್ಯೂಬ್ ಪರದೆ. ಹಳೆಯ ಪರದೆಗಳಲ್ಲಿ ಚಿತ್ರ ಮಾಸದಿರಲು ಕಂಪ್ಯೂಟರ್ ಅದನ್ನು ಸೆಕೆಂಡಿಗೆ ಹತ್ತಾರು ಸಲ ಮರುಬರೆಯಬೇಕಿತ್ತು, ಅದಕ್ಕೆ ದುಬಾರಿ ನೆನಪಿನ ಕೋಶ ಬೇಕಿತ್ತು. ಸ್ಟೋರೇಜ್ ಟ್ಯೂಬಿನ ಪರದೆ ಒಮ್ಮೆ ಬರೆದ ಗೆರೆಯನ್ನು ತಾನೇ ಹಿಡಿದಿಟ್ಟುಕೊಳ್ಳುತ್ತಿತ್ತು. 1972ರಲ್ಲಿ ಬಂದ 4010 ಮಾದರಿಯ ಬೆಲೆ ಸುಮಾರು 4,000 ಡಾಲರ್. ಅದರ ಕೊರತೆಯೂ ಅಲ್ಲಿಯೇ ಇತ್ತು: ಒಂದು ಗೆರೆಯನ್ನಷ್ಟೇ ಅಳಿಸಲು ಆಗದು, ಇಡೀ ಪರದೆಯನ್ನು ಹಸಿರು ಮಿಂಚಿನೊಂದಿಗೆ ಒರೆಸಿ ಎಲ್ಲವನ್ನೂ ಮತ್ತೆ ಬರೆಯಬೇಕು. ಗೆರೆಗಳ ಹೊಳಪು ಕಡಿಮೆಯಾದ್ದರಿಂದ ಕೋಣೆಯ ದೀಪಗಳನ್ನು ತಗ್ಗಿಸಿ ಕುಳಿತುಕೊಳ್ಳುತ್ತಿದ್ದರು.

ಕಂಪ್ಯೂಟರ್, ಪರದೆ, ನಕ್ಷೆಯನ್ನು ಕಾಗದದ ಮೇಲೆ ಬರೆಯುವ ಪ್ಲಾಟರ್, ತಂತ್ರಾಂಶ ಎಲ್ಲವನ್ನೂ ಸೇರಿಸಿ, ಕೀಲಿ ತಿರುಗಿಸಿದರೆ ಸಾಕು ಎನ್ನುವಂತೆ ಮಾರುವ ಕಂಪನಿಗಳು ಹುಟ್ಟಿಕೊಂಡವು. 1969 ಒಂದೇ ವರ್ಷದಲ್ಲಿ ಬಾಸ್ಟನ್ ಬಳಿ ಕಂಪ್ಯೂಟರ್‌ವಿಷನ್ ಮತ್ತು ಆ್ಯಪ್ಲಿಕಾನ್, ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಎಂ ಆ್ಯಂಡ್ ಎಸ್ ಕಂಪ್ಯೂಟಿಂಗ್ ಸ್ಥಾಪನೆಯಾದವು. ಕೊನೆಯದನ್ನು ಕಟ್ಟಿದ ಜಿಮ್ ಮೆಡ್ಲಾಕ್ ಅವರು ಸ್ಯಾಟರ್ನ್ ರಾಕೆಟ್ಟಿನ ಮಾರ್ಗದರ್ಶನ ವ್ಯವಸ್ಥೆಯಲ್ಲಿ ಕೆಲಸ ಮಾಡಿ ಬಂದವರು. ಕಂಪನಿ 1980ರಲ್ಲಿ ಇಂಟರ್‌ಗ್ರಾಫ್ ಎಂದು ಹೆಸರು ಬದಲಿಸಿಕೊಂಡಿತು. ಇಷ್ಟಾದರೂ ಒಬ್ಬ ಬಳಕೆದಾರ ಕೂರುವ ಜಾಗಕ್ಕೆ ಲಕ್ಷ ಡಾಲರಿನ ಆಸುಪಾಸು ಖರ್ಚು ಬರುತ್ತಿತ್ತು. ಹಾಕಿದ ಹಣ ಹಿಂದಿರುಗಬೇಕಾದರೆ ಯಂತ್ರ ಎರಡು ಮೂರು ಪಾಳಿಗಳಲ್ಲಿ ದುಡಿಯಬೇಕಿತ್ತು.

ಅಲ್ಲಿ ಮಾರಾಟವಾದದ್ದು ಹೆಚ್ಚಾಗಿ ವೇಗದ ನಕ್ಷೆ ಬರೆಯುವಿಕೆ. ಯಜಮಾನರಿಗೆ ಲೆಕ್ಕ ಒಪ್ಪಿಸಲು ಅದು ಸುಲಭ: ಇಷ್ಟು ಡ್ರಾಫ್ಟ್ಸ್‌ಮನ್‌ಗಳ ಕೆಲಸವನ್ನು ಈ ಯಂತ್ರ ಮಾಡುತ್ತದೆ ಎಂದರೆ ಮುಗಿಯಿತು. ಸ್ಕೆಚ್‌ಪ್ಯಾಡಿನ ಕಟ್ಟುಪಾಡುಗಳ ಆಲೋಚನೆ ಈ ಲೆಕ್ಕದ ಪುಸ್ತಕದಲ್ಲಿ ಎಲ್ಲಿಯೂ ಕೂರಲಿಲ್ಲ.

ವೈರ್‌ಫ್ರೇಮ್ ಮಾದರಿಯಲ್ಲಿ ಏನು ತೊಂದರೆಯಿತ್ತು? ಘನ ಮಾದರಿಗಳು ಏಕೆ ಬಂದವು?

ತಂತಿಯನ್ನು ಬಗ್ಗಿಸಿ ಮಾಡಿದ ಪೆಟ್ಟಿಗೆಯೊಂದನ್ನು ಕಲ್ಪಿಸಿಕೊಳ್ಳಿ. ಅದರೊಳಗೆ ಚಿಕ್ಕ ಪೆಟ್ಟಿಗೆಯೊಂದನ್ನು ಇಟ್ಟು, ಮೂಲೆಯಿಂದ ಮೂಲೆಗೆ ತಂತಿ ಬೆಸೆದರೆ, ಅದು ಉದ್ದಕ್ಕೆ ರಂಧ್ರವಿರುವ ದಿಮ್ಮಿಯೋ, ಅಡ್ಡಕ್ಕೆ ರಂಧ್ರವಿರುವುದೋ, ಮೇಲಿನಿಂದ ಕೆಳಕ್ಕೆ ಕೊರೆದದ್ದೋ ಹೇಳಲಾಗದು. ತಂತಿಗಳು ಮೂರಕ್ಕೂ ಒಂದೇ. ಅಂಚುಗಳನ್ನಷ್ಟೇ ಬಲ್ಲ ಕಂಪ್ಯೂಟರಿಗೆ ಲೋಹ ಎಲ್ಲಿದೆ, ಗಾಳಿ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಹಾಗಾಗಿ ತೂಕವನ್ನೂ ಲೆಕ್ಕ ಹಾಕಲಾಗದು, ಮರೆಯ ಗೆರೆಗಳನ್ನೂ ನಂಬಿಕೆಯಿಂದ ಅಳಿಸಲಾಗದು.

ಕೇಂಬ್ರಿಜ್ ವಿಶ್ವವಿದ್ಯಾಲಯದ ಇಯನ್ ಬ್ರೇಡ್ ಅವರು ಬಿಲ್ಡ್ ಎಂಬ ಪ್ರೋಗ್ರಾಮಿನಲ್ಲಿ ಪ್ರತಿಯೊಂದು ಮುಖ, ಅಂಚು, ಮೂಲೆ ಯಾವುದಕ್ಕೆ ಹೊಂದಿಕೊಂಡಿದೆ, ವಸ್ತು ಮುಖದ ಯಾವ ಬದಿಗಿದೆ ಎಂಬುದನ್ನು ದಾಖಲಿಸುವ ದಾರಿ ಹಿಡಿದರು. ಜಪಾನಿನ ನೊರಿಯೊ ಒಕಿನೊ ಅವರೂ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಹರ್ಬರ್ಟ್ ವೋಲ್ಕರ್ ಮತ್ತು ಅರಿ ರೆಕಿಷಾ ಅವರೂ ಇನ್ನೊಂದು ದಾರಿ ತುಳಿದರು: ದಿಮ್ಮಿ, ಉರುಳೆಗಳಂತಹ ಸರಳ ಘನಗಳನ್ನು ಕೂಡಿಸಿ ಕಳೆದು ಭಾಗವನ್ನು ಕಟ್ಟುವುದು. ದಿಮ್ಮಿಯಿಂದ ಉರುಳೆಯನ್ನು ಕಳೆದರೆ ರಂಧ್ರ. ಒಬ್ಬರಿಗೊಬ್ಬರು ತಿಳಿಯದೆ ದುಡಿಯುತ್ತಿದ್ದ ಬ್ರೇಡ್ ಮತ್ತು ಒಕಿನೊ 1973ರಲ್ಲಿ ಬುಡಾಪೆಸ್ಟ್‌ನ ಪ್ರೊಲಾಮ್ಯಾಟ್ ಸಮ್ಮೇಳನದಲ್ಲಿ ತಮ್ಮ ತಮ್ಮ ಕೆಲಸವನ್ನು ಮಂಡಿಸಿದರು. ಬ್ರೇಡ್ ಮತ್ತು ಗೆಳೆಯರು 1974ರಲ್ಲಿ ಸ್ಥಾಪಿಸಿದ ಶೇಪ್ ಡೇಟಾ ಕಂಪನಿಯ ರೋಮ್ಯುಲಸ್, ಅದರ ಮುಂದಿನ ಪ್ಯಾರಾಸಾಲಿಡ್, ಇಂದಿನ ಹಲವು ಕ್ಯಾಡ್ ತಂತ್ರಾಂಶಗಳ ಒಳಗಿನ ಎಂಜಿನ್ನಿನ ಮೂಲ.

ಕ್ಯಾಟಿಯಾ ಯಾವಾಗ ಬಂತು?

ಲಾಕ್‌ಹೀಡ್ ವಿಮಾನ ಕಂಪನಿ ತನ್ನ ಬಳಕೆಗೆಂದು ಕ್ಯಾಡಮ್ ಎಂಬ ನಕ್ಷೆ ತಂತ್ರಾಂಶವನ್ನು ಬೆಳೆಸಿತ್ತು. ಫ್ರಾನ್ಸಿನ ದಸೋ ಕಂಪನಿ 1970ರ ದಶಕದ ನಡುವಿನಲ್ಲಿ ಅದನ್ನು ಕೊಂಡಿತಾದರೂ ಯುದ್ಧವಿಮಾನದ ಬಾಗುಗಳಿಗೆ ಎರಡು ಆಯಾಮಗಳು ಸಾಲಲಿಲ್ಲ. 1977ರಲ್ಲಿ ಫ್ರಾನ್ಸಿಸ್ ಬರ್ನಾರ್ ಅವರ ತಂಡ ಸ್ವಂತ ಮೂರು ಆಯಾಮಗಳ ವ್ಯವಸ್ಥೆಯನ್ನು ಬರೆಯತೊಡಗಿತು. ಅದೇ ಮುಂದೆ ಕ್ಯಾಟಿಯಾ ಎಂದು ಹೆಸರಾಯಿತು. 1981ರಲ್ಲಿ ಅದಕ್ಕಾಗಿ ದಸೋ ಸಿಸ್ಟಮ್ಸ್ ಎಂಬ ಪ್ರತ್ಯೇಕ ಕಂಪನಿ ಹುಟ್ಟಿತು, ಮಾರಾಟದ ಹೊಣೆಯನ್ನು ಐಬಿಎಂ ಹೊತ್ತಿತು.

ಈ ಇತಿಹಾಸದಲ್ಲಿ ಬೆಂಗಳೂರಿಗೆ ಜಾಗವಿದೆಯೇ?

ಕೊನೆಯ ಭಾಗದಲ್ಲಿ, ಚಿಪ್ ವಿನ್ಯಾಸದ ಮೂಲಕ ಇದೆ. ಕ್ಯಾಡ್ ಬೆಳೆದದ್ದು ಯಂತ್ರಭಾಗಗಳಿಂದ ಮಾತ್ರವಲ್ಲ. ಕ್ಯಾಲಿಫೋರ್ನಿಯಾದ ಕ್ಯಾಲ್ಮಾ ಕಂಪನಿಯ ವ್ಯವಸ್ಥೆಗಳಲ್ಲಿ ಚಿಪ್ಪುಗಳ ಪದರಗಳ ನಕ್ಷೆ ಬರೆಯುತ್ತಿದ್ದರು, 1978ರ ಅದರ ಜಿಡಿಎಸ್-2 ಕಡತದ ರೂಪ ಇಂದಿಗೂ ಬಳಕೆಯಲ್ಲಿದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆದು ಉಪಗ್ರಹ ಸಂಪರ್ಕದ ಮೂಲಕ ಅಮೆರಿಕಕ್ಕೆ ಕೆಲಸ ಕಳಿಸತೊಡಗಿದಾಗ, ಅಲ್ಲಿ ಆರಂಭದಲ್ಲಿ ನಡೆದದ್ದು ಚಿಪ್ ವಿನ್ಯಾಸಕ್ಕೆ ನೆರವಾಗುವ ತಂತ್ರಾಂಶದ ಕೆಲಸವೇ. ನಗರದ ಸಾಫ್ಟ್‌ವೇರ್ ಚರಿತ್ರೆ ಬರೆಯುವವರು ಈ ಕೇಂದ್ರವನ್ನು ನೆನೆಯುತ್ತಾರೆ, ಅಲ್ಲಿ ತಯಾರಾದದ್ದೇನೆಂಬುದನ್ನು ಅಷ್ಟಾಗಿ ಹೇಳುವುದಿಲ್ಲ.

ಆಟೋಕ್ಯಾಡ್ ಮೊದಲ ಕ್ಯಾಡ್ ತಂತ್ರಾಂಶವೇ?

ಈವರೆಗಿನ ಉತ್ತರಗಳನ್ನು ಓದಿದವರಿಗೆ ಅಲ್ಲವೆಂದು ತಿಳಿದಿರುತ್ತದೆ. ಅದು ಬಂದದ್ದು ಸ್ಕೆಚ್‌ಪ್ಯಾಡಿನ ಹತ್ತೊಂಬತ್ತು ವರ್ಷಗಳ ನಂತರ. ಜಾನ್ ವಾಕರ್ ಮತ್ತು ಜೊತೆಗಾರರು 1982ರಲ್ಲಿ ಆಟೋಡೆಸ್ಕ್ ಕಂಪನಿಯನ್ನು ಕಟ್ಟಿದಾಗ ಅವರ ಮುಖ್ಯ ಭರವಸೆ ಕಚೇರಿ ಕೆಲಸದ ಇನ್ನೊಂದು ತಂತ್ರಾಂಶದ ಮೇಲಿತ್ತು; ಕಂಪನಿಯ ಹೆಸರು ಬಂದದ್ದೂ ಅದರಿಂದಲೇ. ಮೈಕ್ ರಿಡಲ್ ಅವರು ಮೊದಲೇ ಬರೆದಿದ್ದ ಇಂಟರ್ಯಾಕ್ಟ್ ಎಂಬ ನಕ್ಷೆ ಪ್ರೋಗ್ರಾಮನ್ನು ಬೆಳೆಸಿ, ಆಟೋಕ್ಯಾಡ್ ಎಂಬ ಹೆಸರಿನಲ್ಲಿ ಆ ವರ್ಷದ ನವೆಂಬರಿನಲ್ಲಿ ಲಾಸ್ ವೇಗಸ್‌ನ ಕಾಮ್‌ಡೆಕ್ಸ್ ಮೇಳದಲ್ಲಿ ತೋರಿಸಿದಾಗ ಜನ ಮುಗಿಬಿದ್ದರು. ಬೆಲೆ ಸುಮಾರು 1,000 ಡಾಲರ್. ದೊಡ್ಡ ವ್ಯವಸ್ಥೆಗಳ ಎದುರು ಅದು ನಿಧಾನ, ಎರಡೇ ಆಯಾಮ. ಆದರೆ ಲಕ್ಷ ಡಾಲರ್ ಕೊಡಲಾಗದ ಸಣ್ಣ ವಾಸ್ತುಶಿಲ್ಪಿಗೂ ಒಬ್ಬನೇ ನಡೆಸುವ ಟೂಲ್ ರೂಮಿಗೂ ಅದು ಸಾಕಾಗಿತ್ತು. 1986ರಲ್ಲಿ ಆಟೋಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸೇರಿದ ಮೇಲೆ ಬಳಕೆದಾರರೇ ತಮಗೆ ಬೇಕಾದ ಆಜ್ಞೆಗಳನ್ನು ಬರೆದುಕೊಳ್ಳಲು ತೊಡಗಿದರು.

ಸ್ಕೆಚ್‌ಪ್ಯಾಡಿನ ಆಲೋಚನೆ ಮಾರುಕಟ್ಟೆಗೆ ಬರಲು ಇಪ್ಪತ್ತೈದು ವರ್ಷ ಏಕೆ ಬೇಕಾಯಿತು?

ಕಟ್ಟುಪಾಡುಗಳನ್ನು ಬಿಡಿಸುವ ಲೆಕ್ಕಕ್ಕೆ ಬೇಕಾದ ಶಕ್ತಿ ಟಿಎಕ್ಸ್-2ರಂತಹ ಯಂತ್ರಕ್ಕೆ ಇತ್ತು, ಹತ್ತು ಜನ ಹಂಚಿಕೊಂಡ ಮಿನಿ ಕಂಪ್ಯೂಟರಿಗೆ ಇರಲಿಲ್ಲ. ಇದು ಒಂದು ಕಾರಣ. ಇನ್ನೊಂದು, ಗಿರಾಕಿ ಕೇಳುತ್ತಿದ್ದದ್ದೇ ನಕ್ಷೆಯನ್ನು. ಕೊಂಡವನು ತನ್ನ ಹಳೆಯ ಕಾಗದದ ರೂಢಿಗೆ ಹೊಂದುವ ಯಂತ್ರವನ್ನು ಬಯಸಿದ, ಮಾರಿದವನು ಅದನ್ನೇ ಕೊಟ್ಟ. ಮೂರನೆಯದಾಗಿ, ಸಂಬಂಧಗಳನ್ನು ನೆನಪಿಡುವ ಮಾದರಿಗೆ ಗಟ್ಟಿಯಾದ ಘನರೂಪದ ಅಡಿಪಾಯ ಬೇಕಿತ್ತು, ಅದು 1970ರ ದಶಕದ ಕೊನೆಗಷ್ಟೇ ಸಿದ್ಧವಾಯಿತು. ನನ್ನ ಮಟ್ಟಿಗೆ ಎರಡನೆಯದೇ ಮುಖ್ಯ ಕಾರಣ.

ಸೋವಿಯತ್ ಒಕ್ಕೂಟದಿಂದ ಅಮೆರಿಕಕ್ಕೆ ವಲಸೆ ಬಂದ ಗಣಿತಜ್ಞ ಸ್ಯಾಮ್ಯುಯೆಲ್ ಗೈಸ್‌ಬರ್ಗ್ ಅವರು 1985ರಲ್ಲಿ ಪ್ಯಾರಾಮೆಟ್ರಿಕ್ ಟೆಕ್ನಾಲಜಿ ಕಂಪನಿಯನ್ನು ಸ್ಥಾಪಿಸಿದರು. ಅವರ ಪ್ರೊ-ಎಂಜಿನಿಯರ್ ತಂತ್ರಾಂಶ 1988ರ ಹೊತ್ತಿಗೆ ಗಿರಾಕಿಗಳ ಕೈಸೇರಿತ್ತು. ಅದರಲ್ಲಿ ರಂಧ್ರವೊಂದರ ವ್ಯಾಸವನ್ನು ಬದಲಿಸಿದರೆ ಸುತ್ತಲಿನ ಫ್ಲ್ಯಾಂಜೂ ಅದಕ್ಕೆ ಕೂರುವ ಬೋಲ್ಟೂ ನಕ್ಷೆಯ ಮೇಲಿನ ಅಳತೆಯೂ ತಾವಾಗಿ ಬದಲಾಗುತ್ತಿದ್ದವು. ಎದುರಾಳಿ ಕಂಪನಿಗಳು ಕೆಲವೇ ವರ್ಷಗಳಲ್ಲಿ ತಮ್ಮ ತಂತ್ರಾಂಶಗಳನ್ನು ಬುಡದಿಂದ ಬದಲಿಸಿಕೊಳ್ಳಬೇಕಾಯಿತು. ಕಂಪ್ಯೂಟರ್ ವಿಜ್ಞಾನದ ಹಿರಿಯ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಅದೇ 1988ರಲ್ಲಿ, ಸ್ಕೆಚ್‌ಪ್ಯಾಡಿನಿಂದ ಆರಂಭವಾದ ಕೆಲಸಕ್ಕಾಗಿ, ಐವನ್ ಸದರ್‌ಲ್ಯಾಂಡ್ ಅವರಿಗೆ ಸಂದಿತು.